ಯುದ್ಧ ಮುಗಿದ ಮೇಲಿನ ಕೆಲಸ

ಮಾವ ತೀರಿಕೊಂಡ ಮರುದಿನ ಊರಿನ ಹುಡುಗರು ಫ್ಲೆಕ್ಸ್ ಮಾಡಿಸಿಕೊಂಡು ಬಂದರು. ಮಧ್ಯದಲ್ಲಿ ಮಾವನ ಆಧಾರ್ ಕಾರ್ಡಿನ ಫೋಟೊ. ಎಡಕ್ಕೆ ಒಂದು ಟ್ಯಾಂಕು, ಬಲಕ್ಕೆ ಎರಡು ಯುದ್ಧವಿಮಾನ, ಹಿಂದೆ ಹಿಮದ ಬೆಟ್ಟ. ಸೈನಿಕರು ಸತ್ತರೆ ಹಾಕಲು ಫ್ಲೆಕ್ಸ್ ಅಂಗಡಿಗಳಲ್ಲಿ ಒಂದು ರೆಡಿ ಡಿಸೈನ್ ಇರುತ್ತದೆ ಅಂತ ಕಾಣುತ್ತದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅದನ್ನೇ ಸ್ವಲ್ಪ ಹೊತ್ತು ನೋಡಿದರು.

"ಅವರು ಇಮಾನ ಹತ್ತಿದೋರೇ ಅಲ್ಲ. ಇದನ್ನ ಯಾಕೆ ಹಾಕೀರಪ್ಪಾ?"

ಹುಡುಗರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರದೇನೂ ತಪ್ಪಿರಲಿಲ್ಲ, ಪ್ರೀತಿಯಿಂದಲೇ ಮಾಡಿಸಿದ್ದರು. ಫ್ಲೆಕ್ಸ್ ಹಾಗೇ ನಿಂತಿತು. ಆದರೆ ಅತ್ತೆ ಹೇಳಿದ್ದು ನಿಜ. ಮಾವ ಟ್ಯಾಂಕಿನಲ್ಲೂ ಕೂತವರಲ್ಲ, ವಿಮಾನದಲ್ಲೂ ಅಲ್ಲ. ಯಾರಿಗಾದರೂ ಗುರಿಯಿಟ್ಟು ಗುಂಡು ಹೊಡೆದಿದ್ದಾರೋ ಇಲ್ಲವೋ, ಅದನ್ನೂ ನಮಗೆ ಹೇಳಿಲ್ಲ. ಮೊಮ್ಮಕ್ಕಳು ಕೇಳಿದರೆ "ನಾವು ದಾರಿ ಮಾಡೋರು" ಎಂದು ಸುಮ್ಮನಾಗುತ್ತಿದ್ದರು.

ಜಗಳೂರು ತಾಲ್ಲೂಕಿನ ಒಣಭೂಮಿಯ ಹಳ್ಳಿ ನಮ್ಮದು. ಆಗ ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಇತ್ತ ಬಂದೆವು. ಮಳೆ ಬಂದರೆ ಶೇಂಗಾ, ಜೋಳ. ಬರದಿದ್ದರೆ ಗುಳೆ. 1962ರ ಚೀನಾ ಯುದ್ಧದ ನಂತರ ಸೇನೆಗೆ ಜಾಸ್ತಿ ಜನರನ್ನು ತೆಗೆದುಕೊಳ್ಳುತ್ತಿದ್ದರು. ಮರುವರ್ಷ ಮಾವ ಬೆಂಗಳೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಸೇರಿದರು. ದೇಶಭಕ್ತಿಯಿಂದಲೋ ಎಂದು ನಾನು ಒಮ್ಮೆ ಕೇಳಿದ್ದೆ. "ಎರಡು ಹೊತ್ತು ಅನ್ನ ಕೊಡ್ತಾರೆ ಅಂದ್ರು, ಹೋದೆ. ಭಕ್ತಿ ಆಮೇಲೆ ಬಂತು" ಎಂದರು.

ಹಲಸೂರು ಕೆರೆಯ ದಂಡೆಯಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಕೇಂದ್ರವನ್ನು ಬೆಂಗಳೂರಿನವರು ಬಸ್ಸಿನಿಂದ ನೋಡಿರುತ್ತೀರಿ. ಈ ಪಡೆಯ ಇತಿಹಾಸ 1780ರಷ್ಟು ಹಿಂದಕ್ಕೆ ಹೋಗುತ್ತದೆ. ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು, ಎಲ್ಲರೂ ಅಲ್ಲಿ 'ತಂಬಿ'ಗಳೇ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೀರಿನ ವ್ಯವಸ್ಥೆ, ಮೈನ್ ಅಂದರೆ ನೆಲದಲ್ಲಿ ಹುಗಿಯುವ ಬಾಂಬು ಹಾಕುವುದು, ಮೈನ್ ತೆಗೆಯುವುದು ಇವರ ಕೆಲಸ. ಮಾವನ ಬಾಯಲ್ಲಿ ಕೊನೆವರೆಗೂ ನಾಲ್ಕೈದು ಭಾಷೆ ಕಲಸಿಹೋಗಿದ್ದವು. ಸಿಟ್ಟು ಬಂದರೆ ಹಿಂದಿ, ಲೆಕ್ಕ ಮಾಡುವಾಗ ತಮಿಳು. ಅತ್ತೆಯ ಜೊತೆ ಮಾತ್ರ ಅಪ್ಪಟ ಜಗಳೂರು ಕನ್ನಡ.

ನಾನು ಸರ್ಕಾರಿ ಶಾಲೆ ಟೀಚರ್. ಒಂದು ಸಲ ನಮ್ಮ ಶಾಲೆಯ ಸ್ವಾತಂತ್ರ್ಯ ದಿನಕ್ಕೆ ಮಾವನನ್ನು ಕರೆದಿದ್ದೆವು. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಹಿಂದಿನ ರಾತ್ರಿ ಮೊಬೈಲಿನಲ್ಲಿ ಚೆನ್ನಾಗಿ ಓದಿಕೊಂಡು ಬಂದಿದ್ದರು. "1971ರ ಬಸಂತರ್ ಕದನದಲ್ಲಿ ಪ್ರಾಣದ ಹಂಗು ತೊರೆದು ಹೋರಾಡಿದ ಮದ್ರಾಸ್ ಸ್ಯಾಪರ್ಸ್‌ನ ವೀರ" ಎಂದು ಪರಿಚಯಿಸಿದರು. ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಮಾವ ಮೈಕಿನ ಮುಂದೆ ಬಂದು ಮೊದಲು ಅದನ್ನೇ ತಿದ್ದಿದರು.

"ಬಸಂತರ್ ದೊಡ್ಡ ಯುದ್ಧ. ಅಲ್ಲಿ ಕೆಲಸ ಮಾಡಿದೋರು ನಮ್ಮ ಪಡೆಯೋರೇ. ಆದ್ರೆ ನಾನು ಅಲ್ಲಿರಲಿಲ್ಲ."

ಆಮೇಲೆ ಅಲ್ಲಿ ನಡೆದದ್ದನ್ನು ಮಕ್ಕಳಿಗೆ ಹೇಳಿದರು. ಪಾಕಿಸ್ತಾನದ ಶಕರ್‌ಗಢ ಸೆಕ್ಟರಿನಲ್ಲಿ ಬಸಂತರ್ ನದಿ. ಅದರ ಆಚೆ ದಡದಲ್ಲಿ ನಮ್ಮ ಕಾಲಾಳುಗಳು ಆಗಲೇ ಇದ್ದರು. ಅವರ ನೆರವಿಗೆ ಟ್ಯಾಂಕ್ ಹೋಗಬೇಕು, ಮಧ್ಯೆ ಪಾಕಿಸ್ತಾನದವರು ಹಾಕಿದ ಮೈನ್‌ಗಳು. ಡಿಸೆಂಬರ್ 15ರ ರಾತ್ರಿ ಸ್ಯಾಪರ್‌ಗಳು ದಾರಿ ಬಿಡಿಸಲು ಶುರು ಮಾಡಿದ್ದರು. ಕೆಲಸ ಪೂರ್ತಿ ಆಗುವ ಮೊದಲೇ ಶತ್ರು ಟ್ಯಾಂಕುಗಳ ಸದ್ದು ಕೇಳಿತು. ನಮ್ಮ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಕಾಯದೆ ಮೈನ್‌ಗಳ ನಡುವೆಯೇ ನುಗ್ಗಿದವು. ಮರುದಿನದ ಕಾಳಗದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಉರಿಯುತ್ತಿದ್ದ ಟ್ಯಾಂಕನ್ನು ಬಿಟ್ಟು ಇಳಿಯದೆ ಪ್ರಾಣ ಬಿಟ್ಟರು. ಅವರಿಗೆ 21 ವರ್ಷ. ಪರಮವೀರ ಚಕ್ರ ಬಂತು. ಇಷ್ಟನ್ನೂ ಮಾವ ಬೇರೆ ಯಾರದೋ ಮನೆಯ ವಿಷಯ ಹೇಳುವಂತೆ ಮರ್ಯಾದೆಯಿಂದ ಹೇಳಿದರು. ಎಲ್ಲೂ ತಮ್ಮನ್ನು ಸೇರಿಸಿಕೊಳ್ಳಲಿಲ್ಲ.

ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮತ್ತೆ ನೀವೇನು ಮಾಡಿದ್ರಿ ತಾತಾ?"

"ನಾವು ಈಚೆ ಕಡೆ ಮೈನ್ ಹಾಕಿದ್ವಿ ಮಗಾ. ಯುದ್ಧ ಮುಗಿದ ಮೇಲೆ ತೆಗೆದ್ವಿ."

ಮಕ್ಕಳಿಗೆ ಅಷ್ಟೇನೂ ರುಚಿಸಲಿಲ್ಲ. ಮೇಷ್ಟ್ರ ಮುಖ ಸಪ್ಪಗಾಗಿತ್ತು. ನನಗೆ ಮಾತ್ರ ಆವತ್ತು ಮಾವನ ಮೇಲೆ ಗೌರವ ಒಂದು ಮೆಟ್ಟಿಲು ಏರಿತು. ಚಪ್ಪಾಳೆ ಬಿದ್ದಾದ ಮೇಲೆ ಅದನ್ನು ವಾಪಸ್ ಕೊಡುವವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಡಿಸೆಂಬರ್ 3ಕ್ಕೆ ಶುರುವಾದ ಯುದ್ಧ 16ಕ್ಕೆ ಢಾಕಾದ ಶರಣಾಗತಿಯೊಂದಿಗೆ ಮುಗಿದೇ ಹೋಯಿತು. ಪಶ್ಚಿಮದಲ್ಲಿ 17ಕ್ಕೆ ಕದನ ವಿರಾಮ. 93 ಸಾವಿರ ಸೆರೆಯಾಳುಗಳು, ಸಿಹಿ ಹಂಚಿಕೆ, ಮೆರವಣಿಗೆ. 1972ರ ಜುಲೈ 2ಕ್ಕೆ ಶಿಮ್ಲಾ ಒಪ್ಪಂದ. ಪೇಪರಿನವರಿಗೆ ಅಲ್ಲಿಗೆ ಕಥೆ ಮುಗಿಯಿತು. ಮಾವನ ಕೆಲಸ ಶುರುವಾದದ್ದೇ ಅಲ್ಲಿಂದ.

ಮನುಷ್ಯರಿಗೆಂದು ಹಾಕುವ ಮೈನ್ ಕಾಲಿಟ್ಟರೆ ಸಿಡಿಯುತ್ತದೆ. ಟ್ಯಾಂಕಿಗೆಂದು ಹಾಕುವುದು ಮನುಷ್ಯನ ಭಾರಕ್ಕೆ ಸಾಮಾನ್ಯವಾಗಿ ಸಿಡಿಯುವುದಿಲ್ಲ, ದೊಡ್ಡ ಭಾರಕ್ಕೆ ಕಾಯುತ್ತದೆ. ಹಾಕುವಾಗ ನಕ್ಷೆ ಬರೆದು, ಲೆಕ್ಕ ಇಟ್ಟು ಹಾಕುತ್ತಾರೆ. ತೆಗೆಯುವಾಗ ಆ ನಕ್ಷೆಯೇ ಆಧಾರ. ಆದರೆ ನಡುವೆ ಮಳೆಗಾಲ ಬಂದಿರುತ್ತದೆ, ಹೊಳೆ ಹರಿದಿರುತ್ತದೆ, ಹುಲ್ಲು ಎದೆಯೆತ್ತರ ಬೆಳೆದಿರುತ್ತದೆ. ನೀರು ನುಗ್ಗಿದ ಕಡೆ ಮೈನ್ ಇದ್ದಲ್ಲೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಹೊಟ್ಟೆ ಮೇಲೆ ಮಲಗಿ, ತೆಳ್ಳನೆ ಸಲಾಕೆಯನ್ನು ಓರೆಯಾಗಿ ನೆಲಕ್ಕೆ ಚುಚ್ಚಿ ನೋಡಬೇಕು. ನೇರ ಚುಚ್ಚಿದರೆ ಮೈನಿನ ತಲೆಗೆ ತಾಗುತ್ತದೆ. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗುತ್ತದೆ. ಬದುಕು ಆ ಓರೆಯಲ್ಲಿತ್ತು ಎನ್ನುತ್ತಿದ್ದರು ಮಾವ. ಒಂದು ಮಾರು ನೆಲ ಮುಗಿಸಲು ಎಷ್ಟು ಹೊತ್ತಾದರೂ ಆಗಬಹುದು. ಆತುರ ಮಾಡಿದವನು ಕೆಟ್ಟ.

ಹಾಗೆ ತೆಗೆಯುವಾಗಲೇ ಅವರ ಗೆಳೆಯರೊಬ್ಬರು ಪಾದ ಕಳೆದುಕೊಂಡರು. ಕೋಲಾರದ ಕಡೆಯವರು. ಪುಣೆಯ ಆರ್ಮಿ ಕೃತಕ ಅಂಗ ಕೇಂದ್ರದಲ್ಲಿ ಕಾಲು ಹಾಕಿಸಿಕೊಂಡು ಊರಿಗೆ ಹೋಗಿ ಅಂಗಡಿ ಇಟ್ಟರಂತೆ. ನಮ್ಮ ಮದುವೆಗೆ ಬಂದಿದ್ದರು. ಮಾವ ಮಂಟಪದಲ್ಲಿ ಇದ್ದದ್ದಕ್ಕಿಂತ ಅವರ ಪಕ್ಕದ ಕುರ್ಚಿಯಲ್ಲಿ ಇದ್ದದ್ದೇ ಜಾಸ್ತಿ. "ಗಂಡಿನ ತಂದೆ ಅಂದ್ರೆ ಹಿಂಗಾ ಇರೋದು?" ಎಂದು ನನ್ನ ಅಪ್ಪ ಬೇಸರ ಮಾಡಿಕೊಂಡಿದ್ದರು.

ಮಾವನ ಕಥೆ ಹೇಳುವಾಗ ಅತ್ತೆಯ ಕಥೆ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಬಿಟ್ಟಂತೆ. ಗಂಡ ಸೈನ್ಯದಲ್ಲಿದ್ದಷ್ಟು ವರ್ಷವೂ ಅತ್ತೆ ಹಳ್ಳಿಯಲ್ಲೇ ಇದ್ದರು. ಕುಟುಂಬದ ಕ್ವಾರ್ಟರ್ಸ್ ಸಿಕ್ಕಿದ್ದು ಒಂದೇ ಸಲ, ಅದೂ ಸ್ವಲ್ಪ ಕಾಲ. ಉಳಿದಂತೆ ವರ್ಷಕ್ಕೆ ಎರಡು ತಿಂಗಳ ರಜೆ. ಕಪ್ಪು ಕಬ್ಬಿಣದ ಟ್ರಂಕು, ಅದರ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ನಂಬರು. ಮಿಕ್ಕ ದಿನ ಹೊಲ, ಎತ್ತು, ಅತ್ತೆಮಾವ, ಮೈದುನರು, ಮೂರು ಮಕ್ಕಳು ಎಲ್ಲ ಇವರ ಪಾಲು.

ಅತ್ತೆಗೆ ಆಗ ಓದು ಬರುತ್ತಿರಲಿಲ್ಲ. 'ಮಾರ್ಫತ್ 56 ಎಪಿಒ' ಎಂಬ ಸೇನಾ ಅಂಚೆಯ ವಿಳಾಸದಿಂದ ಪತ್ರ ಬಂದರೆ ಪೋಸ್ಟ್‌ಮ್ಯಾನ್ ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಅರ್ಧ ಓಣಿ ಕೇಳಿಸಿಕೊಳ್ಳುತ್ತಿತ್ತು. ಅದು ಗೊತ್ತಿದ್ದ ಮಾವ ಎತ್ತಿನ ಆರೋಗ್ಯ, ಮಳೆ, ಸಾಲದ ಬಡ್ಡಿ ಇಷ್ಟೇ ಬರೆಯುತ್ತಿದ್ದರು. "ಹೆಂಡ್ತಿಗೆ ಅಂತ ಒಂದು ಸಾಲಾದ್ರೂ ಬ್ಯಾಡವಾ?" ಎಂದು ರಜೆಯಲ್ಲಿ ಬಂದಾಗ ಅತ್ತೆ ಜಗಳ ತೆಗೆದರಂತೆ. ಮೈದುನನ ಮಗನ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ಅತ್ತೆ ಅಕ್ಷರ ಕಲಿತರು. ಆಮೇಲೆ ಬಂದ ಪತ್ರಗಳಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ. ಎಲ್ಲಿಟ್ಟಿದ್ದೀರಿ ಎಂದು ನಾನು ಆಸೆಯಿಂದ ಕೇಳಿದೆ. "ಓದಿದ ಮೇಲೆ ಒಲೆಗೆ ಹಾಕಿದೆ. ಮತ್ತೊಬ್ಬರು ಓದ್ಲಿ ಅಂತ ಇಟ್ಕೋತಾರಾ?" ಎಂದರು.

ಆದರೆ 71ರ ಡಿಸೆಂಬರಿನಲ್ಲಿ ಅತ್ತೆಗೆ ಇನ್ನೂ ಓದು ಬರುತ್ತಿರಲಿಲ್ಲ. ಪಂಚಾಯಿತಿ ರೇಡಿಯೊ ಮುಂದೆ ಗಂಡಸರು ತುಂಬಿರುತ್ತಿದ್ದರು. ಇವರು ನೀರಿಗೆ ಹೋಗುವ ನೆಪದಲ್ಲಿ ಆ ದಾರಿಯಲ್ಲೇ ಹೋಗಿ ಬರುತ್ತಿದ್ದರು. ಆ ಕಾಲದಲ್ಲಿ ಟೆಲಿಗ್ರಾಂ ಬಂತು ಅಂದರೆ ಮನೆ ಮುಳುಗಿತು ಅಂತಲೇ ಅರ್ಥ. ಟೆಲಿಗ್ರಾಂ ಬರಲಿಲ್ಲ. ಪತ್ರವೂ ಬರಲಿಲ್ಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಮನಿಯಾರ್ಡರ್ ಬಂತು. ಮನಿಯಾರ್ಡರ್ ಫಾರಂನ ಕೆಳಗೆ ಎರಡು ಮಾತು ಬರೆಯಲು ಜಾಗ ಇರುತ್ತಿತ್ತಲ್ಲ, ಅಲ್ಲಿ 'ನಾನು ಕ್ಷೇಮ, ಶೇಂಗಾ ಮಾರಬೇಡ, ರೇಟು ಏರುತ್ತದೆ' ಎಂದಿತ್ತಂತೆ. "ಜೀವ ಹೋಗಿ ಬಂದಿತ್ತು ನನಗೆ, ಅವರಿಗೆ ಶೇಂಗಾ ಚಿಂತೆ" ಎಂದು ಅತ್ತೆ ಈಗಲೂ ಬೈಯುತ್ತಾರೆ. ಮಾರಲಿಲ್ಲವಂತೆ. ರೇಟು ಏರಿತಂತೆ.

ನನ್ನ ಗಂಡನ ನೆನಪು ಬೇರೆ ಥರ. ಅಪ್ಪಾಜಿ ಅಂದರೆ ಅವರಿಗೆ ಚಿಕ್ಕಂದಿನಲ್ಲಿ ರಜೆಗೆ ಬರುವ ನೆಂಟ, ಬಂದ ಕೂಡಲೇ ಉಗುರು ನೋಡುವ ನೆಂಟ. ಆ ದೂರ ಪೂರ್ತಿ ಹೋಗಲೇ ಇಲ್ಲ ಅನಿಸುತ್ತದೆ ನನಗೆ. ಅಪ್ಪ ಮಗ ಒಂದೇ ಸೋಫಾದಲ್ಲಿ ಕೂತು ಗಂಟೆಗಟ್ಟಲೆ ಕ್ರಿಕೆಟ್ ನೋಡುತ್ತಿದ್ದರು, ಮಾತು ಮಾತ್ರ ಸ್ಕೋರಿನದ್ದೇ. ಇವರು ಕೂಡ ಸೈನ್ಯಕ್ಕೆ ಸೇರಲು ಹೋಗಿ ಮೆಡಿಕಲ್‌ನಲ್ಲಿ ಫೇಲಾಗಿ ಬಂದವರು. ಮಾವ ಏನೂ ಹೇಳಲಿಲ್ಲವಂತೆ. ಅತ್ತೆ ಮಾತ್ರ ಆ ವಾರವೇ ದುಗ್ಗಮ್ಮನಿಗೆ ಉಡಿ ತುಂಬಿಸಿ ಬಂದರು.

ಹವಾಲ್ದಾರ್ ಆಗಿ ನಿವೃತ್ತಿಯಾದ ಮೇಲೆ ಮಾವನಿಗೆ ದಾವಣಗೆರೆಯ ಬ್ಯಾಂಕೊಂದರಲ್ಲಿ ಗನ್‌ಮ್ಯಾನ್ ಕೆಲಸ ಸಿಕ್ಕಿತು. ಮಾಜಿ ಸೈನಿಕರಿಗೆ ಇದ್ದ ಮೀಸಲಾತಿಯಲ್ಲಿ. ಮಂಡಿಪೇಟೆಗೆ ಮಾಲು ತಂದ ರೈತರು ದುಡ್ಡು ಕಟ್ಟಲು, ತೆಗೆಯಲು ಬರುವ ಬ್ರಾಂಚು ಅದು. ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲ. ಮಿಲ್ಲಿನವರು ಕೊನೆಯ ಲೆಕ್ಕದ ದುಡ್ಡು ತೆಗೆಯಲು ಬಂದು, ಚೀಟಿ ತುಂಬಲು ಬರದೆ ನಿಂತಿರುತ್ತಿದ್ದರು. ಮಾವ ಡಬ್ಬಲ್ ಬ್ಯಾರೆಲ್ ಗನ್ ಹೆಗಲಿಗೆ ಹಾಕಿಕೊಂಡೇ ಚೀಟಿ ತುಂಬಿ ಕೊಡುತ್ತಿದ್ದರು. ಗನ್‌ಮ್ಯಾನ್ ಚೀಟಿ ತುಂಬಬಾರದು ಎಂದು ಮ್ಯಾನೇಜರೊಬ್ಬರು ಮೆಮೊ ಕೊಟ್ಟರಂತೆ. ಆ ಮೆಮೊ ಮಾವನ ಫೈಲಿನಲ್ಲಿ ಇದೆ. ಮೆಡಲುಗಳು ಎಲ್ಲಿದ್ದಾವೆಂದು ಹುಡುಕಬೇಕಾಯಿತು, ಮೆಮೊ ಮಾತ್ರ ಜೋಪಾನವಾಗಿತ್ತು.

ಮಿಲಿಟರಿ ಕ್ಯಾಂಟೀನ್ ಕಾರ್ಡಿನ ವಿಷಯ ಬಿಟ್ಟರೆ ನೆಂಟರಿಗೆ ಬೇಸರವಾದೀತು. ಮಾವ ಕುಡಿಯುತ್ತಿರಲಿಲ್ಲ. ಹಾಗಾಗಿ ರಮ್ ಕೋಟಾಕ್ಕೆ ಕಣ್ಣಿಟ್ಟ ಬಂಧುಗಳು ಜಾಸ್ತಿ. ಬೀಗರ ಬೀಗರೂ ಯುಗಾದಿಗೆ ಒಂದು ವಾರ ಮೊದಲು "ಆರಾಮಾ?" ಎಂದು ಫೋನ್ ಮಾಡುತ್ತಿದ್ದರು. "ಆರಾಮಿದ್ದೀನಿ, ಬಾಟ್ಲಿ ಇಲ್ಲ" ಎಂದು ಮಾವ ಒಂದೇ ಉಸಿರಿಗೆ ಹೇಳಿ ಫೋನ್ ಇಡುತ್ತಿದ್ದರು.

ನನಗೆ ಮೊದಲ ಪೋಸ್ಟಿಂಗ್ ಹರಪನಹಳ್ಳಿ ಕಡೆಯ ಒಂದು ಹಳ್ಳಿಗೆ ಆಯಿತು. ಡ್ಯೂಟಿಗೆ ಸೇರುವ ವಾರ ಮಾವ ಬೆಳಿಗ್ಗೆ ಎದ್ದು ಯಾರಿಗೂ ಹೇಳದೆ ಎಲ್ಲಿಗೋ ಹೋದರು. ಸಂಜೆ ಬಂದು ಒಂದು ಚೀಟಿ ಕೊಟ್ಟರು. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಸ್ಟಾಪಿನಿಂದ ಶಾಲೆಗೆ ಎಷ್ಟು ನಡಿಗೆ, ಹಳ್ಳದ ಹತ್ತಿರ ಮಳೆ ಬಂದರೆ ಯಾವ ಕಡೆಯಿಂದ ಸುತ್ತಬೇಕು, ಬಚ್ಚಲಿಗೆ ಹೋಗಬೇಕಾದರೆ ಯಾರ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ. ಕೊನೆಯದನ್ನು ಅವರು ಹೇಗೆ ವಿಚಾರಿಸಿದರೋ! ಸೊಸೆಯ ಮುಂದೆ ಬಚ್ಚಲ ಮಾತು ಆಡದ ತಲೆಮಾರು ಅದು. ಚೀಟಿ ಕೊಟ್ಟು ಮುಖ ನೋಡದೆ ಒಳಗೆ ಹೋದರು. ನನ್ನ ಗಂಡ ಈ ಥರದ ಚೀಟಿ ಒಂದನ್ನೂ ಕಂಡಿರಲಿಲ್ಲ. ಸ್ವಲ್ಪ ಹೊಟ್ಟೆಕಿಚ್ಚು ಪಟ್ಟರು ಅಂತ ಕಾಣುತ್ತದೆ. ಆಮೇಲೆ ಮೊಮ್ಮಕ್ಕಳ ಪರೀಕ್ಷಾ ಕೇಂದ್ರ, ನನ್ನ ಆಪರೇಷನ್ ಆದ ಆಸ್ಪತ್ರೆ, ನಾದಿನಿಗೆ ನೋಡಿದ ಗಂಡಿನ ಊರು, ಎಲ್ಲಿಗೂ ಮಾವ ಒಂದು ದಿನ ಮೊದಲು ಹೋಗಿ ಬಂದಿರುತ್ತಿದ್ದರು.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆಯಿತು. ಸೇನೆ ಗಡಿಗೆ ಹೋಯಿತು. ಪಂಜಾಬ್, ರಾಜಸ್ಥಾನದ ಹೊಲಗಳಲ್ಲಿ ಮತ್ತೆ ಮೈನ್ ಹಾಕಿದರು. ತಿಂಗಳುಗಟ್ಟಲೆ ಎದುರುಬದುರು ನಿಂತು, ಕೊನೆಗೆ ಯುದ್ಧ ಆಗಲೇ ಇಲ್ಲ. ಆದರೆ ಮೈನ್ ಹಾಕುವಾಗ, ತೆಗೆಯುವಾಗ ನಮ್ಮ ಸೈನಿಕರೇ ಎಷ್ಟೋ ಜನ ಸತ್ತರು. ಆ ದಿನಗಳಲ್ಲಿ ಮಾವ ಟಿವಿ ಹಾಕಲು ಬಿಡುತ್ತಿರಲಿಲ್ಲ. ಎದುರು ಮನೆಯವರು "ಈ ಸಲ ಒಂದು ಕೈ ನೋಡೇಬಿಡಬೇಕು, ಅಲ್ವಾ ಸಾರ್?" ಎಂದು ಕೇಳಿದರು. ಮಾವ ಎದ್ದು ಗಿಡಕ್ಕೆ ನೀರು ಹಾಕಲು ಹೋದರು. ಯುದ್ಧ ಬೇಕು ಅನ್ನುವವರಲ್ಲಿ ಮೈನ್ ತೆಗೆದವರು ಯಾರೂ ಇರಲಿಕ್ಕಿಲ್ಲ ಎಂಬುದು ನನ್ನ ಅಂದಾಜು.

2015ರಲ್ಲಿ ಒಂದು ಶ್ರೇಣಿ ಒಂದು ಪಿಂಚಣಿ ಜಾರಿಯಾಯಿತು. 2014ರ ಜುಲೈನಿಂದ ಲೆಕ್ಕ ಹಾಕಿ ಬಾಕಿಯನ್ನು ಅರ್ಧ ವರ್ಷಕ್ಕೊಂದರಂತೆ ನಾಲ್ಕು ಕಂತಿನಲ್ಲಿ ಕೊಟ್ಟರು. ಬೋರ್‌ವೆಲ್ ಹಾಕಿಸೋಣ ಎಂದು ನನ್ನ ಗಂಡ ಹೇಳಿದರು. ಮಾವ ಒಪ್ಪಲಿಲ್ಲ. "ನಿಮ್ಮವ್ವನಿಗೆ ನಾನಿದ್ದ ಜಾಗ ತೋರಿಸಬೇಕು" ಎಂದರು. ಎಲ್ಲರೂ ರೈಲು ಹತ್ತಿ ಅಮೃತಸರಕ್ಕೆ ಹೋದೆವು. ಸ್ವರ್ಣಮಂದಿರ, ಅಟ್ಟಾರಿಯ ಗಡಿಯ ಕವಾಯತು ಎಲ್ಲ ಆಯಿತು. ಕವಾಯತಿನ ಕಾಲೆತ್ತಾಟ ನೋಡಿ ಅತ್ತೆ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಗುರುದಾಸಪುರದ ಕಡೆ ಹೋದೆವು.

ಫೆಬ್ರವರಿ ತಿಂಗಳು. ಕಣ್ಣು ಹೋದಷ್ಟು ದೂರ ಗೋಧಿ. ಕಾಲುವೆ ತುಂಬ ನೀರು. ಮಾವ ಒಂದು ಕಡೆ ಕಾರು ನಿಲ್ಲಿಸಿದರು. ಇಲ್ಲೇ ಇರಬೇಕು, ಊರು ಬೆಳೆದುಬಿಟ್ಟಿದೆ, ಗುರುತು ಸಿಗುತ್ತಿಲ್ಲ ಎಂದರು. ಅತ್ತೆ ಬದುವಿನಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. ಜಗಳೂರಿನ ಒಣಹೊಲದಲ್ಲಿ ಇಡೀ ಪ್ರಾಯ ಸವೆಸಿದವರು ಅವರು.

"ಇಂಥಾ ಹೊಲದಾಗ ಹುಗಿದಿದ್ರಾ ಅದನ್ನ?"

"ತೆಗ್ದೀವಲ್ಲ. ಎಣಿಸಿ ಎಣಿಸಿ ತೆಗ್ದೀವಿ."

"ಲೆಕ್ಕ ಸರಿ ಬಂತಾ?"

ಮಾವ ಉತ್ತರ ಕೊಡಲಿಲ್ಲ. ಅಷ್ಟರಲ್ಲಿ ಹೊಲದ ಸರ್ದಾರ್ಜಿ ಬಂದರು. ಮಾತು ಅವರ ಕಡೆ ತಿರುಗಿತು. ಮಾಜಿ ಸೈನಿಕರು ಎಂದು ಗೊತ್ತಾಗಿ ಮನೆಗೆ ಕರೆದುಕೊಂಡು ಹೋಗಿ ಲಸ್ಸಿ ಕೊಟ್ಟರು. ರಾತ್ರಿ ವಾಪಸ್ ಬರುವಾಗ ರೈಲಿನಲ್ಲಿ ಮಾವ ತಾವಾಗಿಯೇ ಹೇಳಿದರು. "ಎರಡು ಕಡಿಮೆ ಬಂದಿತ್ತು. ಹೊಳೆ ದಂಡೆ ಕಡೆ. ಆ ಜಾಗಕ್ಕೆ ತಂತಿಬೇಲಿ ಹಾಕಿ, ಬೋರ್ಡು ನೆಟ್ಟು ಬಂದ್ವಿ." ಅತ್ತೆ ಸುಮ್ಮನೆ ಅವರ ಕಡೆ ರೊಟ್ಟಿ ಗಂಟು ಸರಿಸಿದರು. ಮೈನ್ ಬಗ್ಗೆ ನಮ್ಮ ಮನೆಯಲ್ಲಿ ಮತ್ತೆ ಮಾತು ಬರಲಿಲ್ಲ.

2022ರಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಹಠ ಹಿಡಿದು ಹೋಗಿ ನೋಡಿ ಬಂದರು. 1907ರಲ್ಲಿ ಮುಗಿದ ಅಣೆಕಟ್ಟು, ಅದಕ್ಕೂ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ಜನ ನೀರಿನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ಇವರು ಕಲ್ಲಿನ ಕಟ್ಟಡ ನೋಡುತ್ತ ನಿಂತಿದ್ದರು. ಅದೇ ಅವರು ಕೊನೆಯದಾಗಿ ದೂರ ಹೋದದ್ದು. ಮುಂದಿನ ಬೇಸಿಗೆಯಲ್ಲಿ ಹೋದರು. ಸಮಾಧಿ ಊರ ಹೊಲದಲ್ಲೇ ಆಯಿತು. ಮಾಜಿ ಸೈನಿಕರ ಸಂಘದಿಂದ ಐದಾರು ಜನ ಬಂದು ಸೆಲ್ಯೂಟ್ ಹೊಡೆದರು. ಅವರಲ್ಲಿ ಒಬ್ಬರಿಗೆ ಕೈ ಎತ್ತಲು ಆಗುತ್ತಿರಲಿಲ್ಲ, ಇನ್ನೊಬ್ಬರು ಹಿಡಿದು ಎತ್ತಿದರು.

ಶಿವಗಣಾರಾಧನೆ ಮುಗಿದ ಮೇಲೆ ಅತ್ತೆ ಟ್ರಂಕು ತೆಗೆಸಿದರು. ಮೇಲೆಯೇ ಒಂದು ಫೈಲು. ಡಿಸ್ಚಾರ್ಜ್ ಬುಕ್, ಪಿಪಿಒ ಅಂದರೆ ಪಿಂಚಣಿ ಆದೇಶದ ಪತ್ರ, ಇಬ್ಬರ ಜಂಟಿ ಫೋಟೊ, ಬ್ಯಾಂಕ್ ಪಾಸ್‌ಬುಕ್, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯದ ಇಸಿಎಚ್‌ಎಸ್ ಕಾರ್ಡು. ಪ್ರತಿಯೊಂದಕ್ಕೂ ಕನ್ನಡದಲ್ಲಿ ಚೀಟಿ: 'ಇದನ್ನು ಬ್ಯಾಂಕಿಗೆ ಕೊಡಬೇಕು', 'ಇದರ ಒರಿಜಿನಲ್ ಯಾರಿಗೂ ಕೊಡಬಾರದು'. ಅತ್ತೆಯ ಹೆಸರನ್ನು ಯಾವ ಕಾಲದಲ್ಲೋ ಯಾವ ಗುಮಾಸ್ತನೋ ಸೇನೆಯ ದಾಖಲೆಯಲ್ಲಿ ತಮಿಳಿನ ಹಾಗೆ ಬರೆದುಬಿಟ್ಟಿದ್ದ. ಆಧಾರ್‌ನಲ್ಲಿ ಬೇರೆ. ಹುಟ್ಟಿದ ದಿನಾಂಕ ಇರಲೇ ಇಲ್ಲ. ಜಿಲ್ಲೆ ಒಂದರಲ್ಲಿ ಚಿತ್ರದುರ್ಗ, ಇನ್ನೊಂದರಲ್ಲಿ ದಾವಣಗೆರೆ. ಗಂಡ ಹೋದ ಮೇಲೆ ಇಂಥ ಒಂದು ಅಕ್ಷರದ ವ್ಯತ್ಯಾಸಕ್ಕೆ ಎಷ್ಟು ಹೆಂಗಸರು ಕುಟುಂಬ ಪಿಂಚಣಿ ಇಲ್ಲದೆ ಅಲೆಯುತ್ತಾರೆ ಎಂಬುದು ಸೈನಿಕರ ಮನೆಯವರಿಗೆ ಗೊತ್ತು. ಮಾವ ಬದುಕಿದ್ದಾಗಲೇ ಬೆಂಗಳೂರಿನ ರೆಕಾರ್ಡ್ಸ್ ಆಫೀಸಿಗೆ ಪತ್ರದ ಮೇಲೆ ಪತ್ರ ಬರೆದು ಎಲ್ಲವನ್ನೂ ಸರಿ ಮಾಡಿಸಿ, ತಿದ್ದಿದ ಪಿಪಿಒ ತರಿಸಿ ಇಟ್ಟಿದ್ದರು. ನಮಗೆ ಯಾರಿಗೂ ಇದರ ಸುಳಿವು ಇರಲಿಲ್ಲ. ಕುಟುಂಬ ಪಿಂಚಣಿ ಅಂದರೆ ಕೊನೆಯ ಸಂಬಳದ ಶೇಕಡಾ 30, ಮಾವನಿಗೆ ಬರುತ್ತಿದ್ದುದಕ್ಕಿಂತ ಕಡಿಮೆ. ಆದರೆ ಅತ್ತೆಗೆ ಅದು ಅಲೆದಾಟವಿಲ್ಲದೆ ಬಂತು.

ಈಗ ಸೈನಿಕರ ಪಿಂಚಣಿಯೆಲ್ಲ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಮುಗಿಸಬಹುದು. ಅತ್ತೆಗೆ ಅದು ಹಿಡಿಸುವುದಿಲ್ಲ. "ಬದುಕಿದ್ದೀನಿ ಅಂತ ಹೇಳೋಕೆ ನಾನೇ ಹೋಗ್ತೀನಿ" ಎಂದು ನವೆಂಬರಿನಲ್ಲಿ ಸೀರೆ ಉಟ್ಟು ಹೊರಡುತ್ತಾರೆ. ಬರುವಾಗ ಬೆಣ್ಣೆದೋಸೆ ತಿನ್ನಿಸಬೇಕು. ಅಲ್ಲಿ ಕ್ಯೂನಲ್ಲಿ ಸಿಕ್ಕ ಹೆಂಗಸರ ಪೇಪರು ಇಸಿದುಕೊಂಡು ನೋಡುವ ಚಾಳಿ ಬೇರೆ ಶುರುವಾಗಿದೆ. "ಮೊದ್ಲು ಹೆಸರು ನೋಡವ್ವಾ, ಗಂಡ ಇದ್ದಾಗ್ಲೇ ಸರಿ ಮಾಡಿಸ್ಕೋ" ಎಂದು ಗಂಡ ಬದುಕಿರುವವರಿಗೂ ಹೇಳಿ ಬೈಸಿಕೊಳ್ಳುತ್ತಾರೆ. ಹೋದ ವಾರ ಹರಿಹರದಿಂದ ಒಬ್ಬರು ಹುಡುಕಿಕೊಂಡು ಬಂದಿದ್ದರು. ಗಂಡ ಹೋಗಿ ವರ್ಷವಾಗಿದೆ. ಮೂರು ಕಡೆ ಮೂರು ಥರ ಹೆಸರು. ಅರ್ಜಿ ನಾನು ಟೈಪ್ ಮಾಡಿಕೊಡಬೇಕು, ಅತ್ತೆ ಬೆಳಿಗ್ಗೆಯಿಂದ ಮತ್ತೆ ಮತ್ತೆ ಕೇಳುತ್ತಿದ್ದಾರೆ.